ಸೊಂಟ ಹಿಡಿದಾಗ ನಾನು ಮಾಡಿದ್ದು

ವಾರಕ್ಕೆ ಮೂರು ದಿನ ಚಿತ್ರದುರ್ಗದ ಕೋಟೆ ಹತ್ತುವವನು ನಾನು. ಓಬವ್ವನ ಕಿಂಡಿಯಲ್ಲಿ ಬಗ್ಗಿ ನುಸುಳಿದರೂ ಏನೂ ಆಗದ ಸೊಂಟ, ಮನೆಯಲ್ಲಿ 20 ಲೀಟರ್ ನೀರಿನ ಕ್ಯಾನ್ ಎತ್ತುವಾಗ ಚಳಕ್ ಎಂದಿತು. ಅರ್ಧ ಬಗ್ಗಿದವನು ಹಾಗೇ ಗೋಡೆ ಹಿಡಿದು ನಿಂತೆ.

"ಮಲ್ಕೋ, ಅಲ್ಲಾಡಬೇಡ" ಎಂದರು ಅಮ್ಮ. ಒಂದು ದಿನ ಮಲಗಿದೆ. ಮರುದಿನ ಸೊಂಟ ಹಲಗೆ ಥರ ಸೆಟೆದಿತ್ತು. ಡಾಕ್ಟರ್ ಹತ್ರ ಹೋದೆ. ಕಾಲು ಜೋಮು ಹಿಡಿದಿದೆಯಾ, ಮೂತ್ರ ಕಟ್ಟಿದೆಯಾ ಎಂದು ಕೇಳಿದರು. ಎರಡೂ ಇರಲಿಲ್ಲ. ಇದ್ದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕಂತೆ. ಸ್ನಾಯು ಹಿಡಿದಿದೆ ಅಷ್ಟೆ, ಎಕ್ಸ್‌ರೇ ಬೇಡ, ಸುಮ್ನೆ ಮಲಗಬೇಡಿ, ನಡೀರಿ ಎಂದರು.

ಗಂಟೆಗೊಮ್ಮೆ ಹಜಾರದಲ್ಲೇ ಐದು ನಿಮಿಷ ನಡೆದೆ. ಬಿಸಿನೀರಿನ ಚೀಲ 15 ನಿಮಿಷ ಇಟ್ಟುಕೊಂಡೆ. ಜಾಸ್ತಿ ಉಪಯೋಗ ಆಗಿದ್ದು ಮಾತ್ರ ಏಳುವ ರೀತಿ ಬದಲಿಸಿದ್ದು. ಮೊದಲು ಪಕ್ಕಕ್ಕೆ ಹೊರಳಬೇಕು. ಕಾಲು ಮಂಚದಿಂದ ಇಳಿಬಿಟ್ಟು, ಮೊಣಕೈ ಊರಿ ಏಳಬೇಕು. ನೆಟ್ಟಗೆ ಎದ್ದರೆ ಅದೇ ಚಳಕು!

ಹತ್ತನೇ ದಿನ ಸಂತೆ ಹೊಂಡದ ತನಕ ನಡೆದೆ. ಮೂರು ವಾರಕ್ಕೆ ಮತ್ತೆ ಕೋಟೆ. ಮೆಟ್ಟಿಲು ಇಳಿಯುವಾಗ ಸ್ವಲ್ಪ ಭಯ ಇತ್ತು, ನಿಜ. ಈಗ ಕ್ಯಾನ್ ಎತ್ತೋದು ಮಂಡಿ ಮಡಚಿ, ಎದೆಗೆ ಅವಚಿಕೊಂಡು. ಅದೂ ಮನೆಯಲ್ಲಿ ನನ್ನ ತಮ್ಮ ಇಲ್ಲದಿದ್ದರೆ ಮಾತ್ರ.