ಬಿಲ್ ಕಚೇರಿಗೆ, ಸರಕು ಗೋದಾಮಿಗೆ: ಸ್ಯಾಪ್‌ನಲ್ಲಿ ವಿಳಾಸ ಜೋಡಿಸುವುದು ಹೇಗೆ?

ಗ್ರಾಹಕರು ಒಬ್ಬರೇ, ವಿಳಾಸ ಎರಡು. ಬಿಲ್ ಕೇಂದ್ರ ಕಚೇರಿಗೆ ಹೋಗಬೇಕು, ಸರಕು ಗೋದಾಮಿನಲ್ಲಿ ಇಳಿಯಬೇಕು. ಇಂಥ ಕಡೆ ಕಂಪನಿಗಳ ವ್ಯವಹಾರ ನಿಭಾಯಿಸುವ ತಂತ್ರಾಂಶವಾದ ಸ್ಯಾಪ್‌ನಲ್ಲಿ ಬಹಳ ಮಂದಿ ಆರ್ಡರ್ ಬಂದಾಗಲೆಲ್ಲ ಗೋದಾಮಿನ ವಿಳಾಸವನ್ನು ಕೈಯಾರೆ ಟೈಪ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ವಿಳಾಸ ಆ ಒಂದು ಆರ್ಡರ್‌ನಲ್ಲಷ್ಟೇ ಉಳಿಯುತ್ತದೆ. ಮುಂದಿನದಕ್ಕೆ ಮತ್ತೆ ಬರೆಯಬೇಕು, ಎಲ್ಲೋ ಒಂದು ಕಡೆ ಪಿನ್‌ಕೋಡ್ ತಪ್ಪುತ್ತದೆ.

ಸ್ಯಾಪ್‌ನಲ್ಲಿ ಗ್ರಾಹಕರಿಗೆ ಮುಖ್ಯವಾಗಿ ನಾಲ್ಕು ಪಾತ್ರಗಳು. ಆರ್ಡರ್ ಕೊಡುವವರು ಸೋಲ್ಡ್-ಟು, ಸರಕು ಪಡೆಯುವವರು ಶಿಪ್-ಟು, ಬಿಲ್ ಪಡೆಯುವವರು ಬಿಲ್-ಟು, ಹಣ ಕಟ್ಟುವವರು ಪೇಯರ್. ಸಾಮಾನ್ಯವಾಗಿ ನಾಲ್ಕರಲ್ಲೂ ಒಂದೇ ಗ್ರಾಹಕ ನಂಬರ್ ಇರುತ್ತದೆ. ನಮಗೆ ಬೇಕಾಗಿರುವುದು ಶಿಪ್-ಟು ಬದಲಾವಣೆ ಮಾತ್ರ.

ಮೊದಲು ಗೋದಾಮಿಗೆ ಅದರದೇ ನಂಬರ್ ಕೊಡಿ. ಸ್ಯಾಪ್‌ನ ಹೊಸ ಆವೃತ್ತಿಯಾದ ಎಸ್/4 ಹಾನಾದಲ್ಲಿ ‘ಬಿಪಿ’ (ಬಿಸಿನೆಸ್ ಪಾರ್ಟ್‌ನರ್) ಪರದೆ ತೆರೆದು, ಶಿಪ್-ಟುಗೆ ನಿಮ್ಮಲ್ಲಿ ಗೊತ್ತುಮಾಡಿರುವ ಗ್ರೂಪಿಂಗ್ (ನಂಬರ್ ಯಾವ ಸರಣಿಯದೆಂದು ಹೇಳುವ ಗುಂಪು) ಆರಿಸಿ, ಹೆಸರು, ವಿಳಾಸ ತುಂಬಿ, ಮಾರಾಟದ ಗ್ರಾಹಕ ಎಂದು ಗುರುತಿಸುವ ಎಫ್‌ಎಲ್‌ಸಿಯು01 ರೋಲ್ ಸೇರಿಸಿ. ಹಳೆಯ ಆವೃತ್ತಿ ಇಸಿಸಿಯಾದರೆ ಹೊಸ ಗ್ರಾಹಕರನ್ನು ಸೇರಿಸುವ ಎಕ್ಸ್‌ಡಿ01 ತೆರೆದು, ಶಿಪ್-ಟುಗಿರುವ ಅಕೌಂಟ್ ಗ್ರೂಪ್ 0002 ಆರಿಸಿ. ವಿಳಾಸದ ಜೊತೆಗೇ ಇರುವ ಟ್ರಾನ್ಸ್‌ಪೋರ್ಟೇಶನ್ ಝೋನ್ (ಸಾಗಣೆಯ ಪ್ರದೇಶ) ಖಾಲಿ ಬಿಡಬೇಡಿ. ಸರಕು ಯಾವ ರೂಟ್‌ನಲ್ಲಿ ಹೋಗಬೇಕೆಂಬ ಲೆಕ್ಕಾಚಾರಕ್ಕೆ ಅದು ಬೇಕೇ ಬೇಕು.

ಈಗ ಆರ್ಡರ್ ಕೊಡುವ ಗ್ರಾಹಕರ ನಂಬರ್ ತೆರೆಯಿರಿ. ಸೇಲ್ಸ್ ಏರಿಯಾ (ಮಾರಾಟ ಸಂಸ್ಥೆ, ವಿತರಣಾ ಮಾರ್ಗ, ಉತ್ಪನ್ನ ವಿಭಾಗ ಸೇರಿದ ಘಟಕ) ಆರಿಸಿ, ಪಾರ್ಟ್‌ನರ್ ಫಂಕ್ಷನ್ಸ್ (ಗ್ರಾಹಕರ ಪಾತ್ರಗಳ) ಟ್ಯಾಬ್‌ಗೆ ಹೋಗಿ. ಹೊಸ ಸಾಲಿನಲ್ಲಿ ಶಿಪ್-ಟುವಿನ ಸಂಕೇತವಾದ ‘ಎಸ್‌ಎಚ್’ ಎಂದು ಹಾಕಿ, ಪಕ್ಕದಲ್ಲಿ ಗೋದಾಮಿನ ನಂಬರ್ ಬರೆದು ಸೇವ್ ಮಾಡಿ. ಕಚೇರಿಗೂ ಆಗಾಗ ಸರಕು ಹೋಗುವುದಾದರೆ ಹಳೆಯ ಎಸ್‌ಎಚ್ ಸಾಲೂ ಇರಲಿ. ಆರ್ಡರ್ ಹಾಕುವಾಗ ಎರಡೂ ವಿಳಾಸಗಳ ಪಟ್ಟಿ ಬರುತ್ತದೆ, ಬೇಕಾದದ್ದನ್ನು ಆರಿಸಿದರಾಯಿತು.

ನಾನು ಕಂಡಂತೆ ಹೆಚ್ಚಿನವರು ಎಡವುವುದು ಸೇಲ್ಸ್ ಏರಿಯಾದಲ್ಲಿ. ಈ ಜೋಡಣೆ ಪ್ರತಿ ಏರಿಯಾಕ್ಕೂ ಪ್ರತ್ಯೇಕ. ಗ್ರಾಹಕರು ಎರಡು ಏರಿಯಾಗಳಲ್ಲಿ ಕೊಳ್ಳುತ್ತಿದ್ದರೆ ಎರಡರಲ್ಲೂ ಈ ಕೆಲಸ ಆಗಬೇಕು. ಗೋದಾಮಿನ ನಂಬರನ್ನೂ ಅವೇ ಏರಿಯಾಗಳಿಗೆ ವಿಸ್ತರಿಸಿರಬೇಕು. ಒಂದನ್ನು ಮರೆತರೆ ಅಲ್ಲಿನ ಸರಕು ಹಿಂದಿನಂತೆ ಕಚೇರಿಯ ಬಾಗಿಲಿಗೇ ಹೋಗುತ್ತದೆ.

ಇನ್ನೊಂದು ಮಾತು. ಈಗಾಗಲೇ ಸೇವ್ ಆಗಿರುವ ಆರ್ಡರ್‌ಗಳಿಗೆ ಹೊಸ ಶಿಪ್-ಟು ತಾನಾಗಿ ಬರುವುದಿಲ್ಲ. ಬಾಕಿ ಆರ್ಡರ್‌ಗಳನ್ನು ಆರ್ಡರ್ ತಿದ್ದುವ ಪರದೆಯಾದ ವಿಎ02ರಲ್ಲಿ ಒಂದೊಂದಾಗಿ ತೆರೆದು, ಹೆಡರ್‌ನ ಪಾರ್ಟ್‌ನರ್ಸ್ ಟ್ಯಾಬ್‌ನಲ್ಲಿ ಎಸ್‌ಎಚ್ ಸಾಲಿನ ನಂಬರ್ ಬದಲಿಸಿ. ಡೆಲಿವರಿ ಮಾಡುವ ಮೊದಲೇ ಇದನ್ನು ಮುಗಿಸಿ.