ಕೋರೆಹೊಂಡದಿಂದ ಮೀನಿನ ತೊಟ್ಟಿಗೆ ಜೀವಂತ ಆಹಾರ

ಫೈಟರ್, ಗಪ್ಪಿ ಮರಿಗಳಿಗೆ ನೀರುಚಿಗಟ (ಡಾಫ್ನಿಯಾ, ನೀರಲ್ಲಿ ಕುಪ್ಪಳಿಸುವ ಚುಕ್ಕೆಯಂಥ ಜೀವಿ) ಹಿಡಿಯಲು ಹೊರಡುವವರು ಮೊದಲು ಬಲೆಯ ಬಗ್ಗೆ ಕೇಳುತ್ತಾರೆ. ನಾನು ಮೊದಲು ನೋಡುವುದು ನೀರನ್ನು: ಅದರಲ್ಲಿ ಮೀನಿದೆಯೇ ಎಂದು. ಮೀನಿರುವ ಕೆರೆಯಲ್ಲಿ ನೀರುಚಿಗಟ ಹೆಚ್ಚು ಉಳಿಯುವುದಿಲ್ಲ. ಉಳಿದರೂ ಅದರೊಟ್ಟಿಗೆ ಮೀನಿನ ಮೈಗೆ ಅಂಟುವ ಮೀನುಹೇನು, ಲಂಗರುಹುಳ, ಕರುಳಿನಲ್ಲಿ ಕಚ್ಚಿಕೊಳ್ಳುವ ಕೆಮಾಲನಸ್ ಎಂಬ ಹುಳ ಬರುತ್ತವೆ. ಈ ಮೂರಕ್ಕೂ ವಂಶ ಮುಂದುವರಿಯಲು ಮೀನು ಬೇಕೇ ಬೇಕು. ಕೆಮಾಲನಸ್ ಮರಿಯಂತೂ ನೀರುಚಿಗಟದ ಜೊತೆಗೇ ಬಲೆಗೆ ಬೀಳುವ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿಯ ಮೈಯೊಳಗೇ ಕೂತು ಬರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಆದ್ದರಿಂದ ಮೀನಿಲ್ಲದ ನೀರು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಂಥ ನೀರು ಸಿಗುವುದು ಕೆಲಸ ನಿಲ್ಲಿಸಿದ ಮುರಕಲ್ಲು (ಜಂಬಿಟ್ಟಿಗೆ) ಕೋರೆಗಳಲ್ಲಿ. ಮಳೆನೀರು ಮಾತ್ರ ತುಂಬಿ, ಬೇಸಗೆಯಲ್ಲಿ ಪೂರ್ತಿ ಒಣಗುವ ಹೊಂಡವೇ ಒಳ್ಳೆಯದು. ಒಣಗಿದಾಗ ಮೀನು ಉಳಿಯದು, ನೀರುಚಿಗಟದ ಗಟ್ಟಿಮೊಟ್ಟೆ ಮಾತ್ರ ಕೆಸರಿನಲ್ಲಿ ಉಳಿದು ಮುಂದಿನ ಮಳೆಗೆ ಒಡೆಯುತ್ತದೆ. ದನ ಇಳಿದು ಕುಡಿಯುವ, ನಸುಹಸಿರು ಅಥವಾ ತೆಳು ಚಹಾ ಬಣ್ಣದ ನೀರಾಗಿದ್ದರೆ ಇನ್ನೂ ಮೇಲು. ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ) ನೀರು ಬೀಳುವ ತಿಳಿ ಕೆರೆಯಲ್ಲಿ ಅವಕ್ಕೆ ತಿನ್ನಲು ಪಾಚಿಯೂ ಇಲ್ಲ, ಬ್ಯಾಕ್ಟೀರಿಯವೂ ಇಲ್ಲ. ನುಸಿ (ಸೊಳ್ಳೆ) ಆಗದಂತೆ ಗಪ್ಪಿ ಬಿಟ್ಟ ಹೊಂಡವೂ ಬೇಡ.

ಅಡಿಕೆ ತೋಟದ ಕೆರೆಗೆ ಮಳೆಗಾಲದಲ್ಲಿ ನಾನು ಬಲೆ ಇಳಿಸುವುದೇ ಇಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಇರುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, 40-45 ದಿನ ಕಳೆದು ಇನ್ನೊಮ್ಮೆ ಸಿಂಪಡಿಸುತ್ತಾರೆ. ಗೊನೆಯಿಂದ ತೊಳೆದು ಬರುವ ತಾಮ್ರ ತೀರಾ ಕಡಿಮೆ ಪ್ರಮಾಣದಲ್ಲೂ ನೀರುಚಿಗಟವನ್ನು ಕೊಲ್ಲುತ್ತದೆ. ಆ ನೀರು ತೊಟ್ಟಿಗೆ ಬಂದರೆ ಸಿಗಡಿ, ಬಸವನಹುಳಕ್ಕೂ ಅಪಾಯ.

ಜೂನ್, ಜುಲೈಯ ಜಡಿಮಳೆಗೆ ಹೊಂಡ ತುಂಬಿ ಹರಿದು ಎಲ್ಲ ಕೊಚ್ಚಿಹೋಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸುಗ್ಗಿ.

ಬಲೆಗೆ 4 ಮಿ.ಮೀ. ಜಿಐ ತಂತಿಯ 25 ಸೆಂ.ಮೀ. ಅಗಲದ ಬಳೆ, 45 ಸೆಂ.ಮೀ. ಉದ್ದದ ಕೊಳವೆಯಂಥ ಚೀಲ, ಹಿಡಿಗೆ 7 ಅಡಿ ದೋಟಿಯ (ಕೊಯ್ಲಿನ ಉದ್ದ ಕೋಲಿನ) ತುಂಡು ಸಾಕು. ಬಟ್ಟೆ ಹಳೆಯ ಪಾಲಿಯೆಸ್ಟರ್ ಸೀರೆಯದ್ದೇ ಇರಲಿ. ಹತ್ತಿಯ ನೂಲು ನೀರಿಗೆ ಉಬ್ಬಿ ಬಟ್ಟೆಯ ಕಣ್ಣು ಮುಚ್ಚುತ್ತದೆ. ಆಗ ನೀರು ಚೀಲದೊಳಗೆ ಹರಿಯದೆ ಪಕ್ಕಕ್ಕೆ ಸರಿಯುತ್ತದೆ, ಹುಳಗಳೂ ಅದರ ಜೊತೆ ತಪ್ಪಿಸಿಕೊಳ್ಳುತ್ತವೆ. ಚೀಲದ ತುದಿಗೆ ಸಣ್ಣ ಪ್ಲಾಸ್ಟಿಕ್ ಬಾಟಲಿ ಕಟ್ಟಿರುತ್ತೇನೆ. ಇದು ಸಣ್ಣ ವಿಷಯವಲ್ಲ: ಚೀಲವನ್ನು ಬರಿದೇ ಮೇಲೆತ್ತಿದರೆ ನೀರುಚಿಗಟದ ಚಿಪ್ಪಿನೊಳಗೆ ಗಾಳಿ ಸಿಕ್ಕಿಬೀಳುತ್ತದೆ. ಮತ್ತೆ ಅದು ಮುಳುಗಲಾರದೆ ನೀರಿನ ಮೇಲೆಯೇ ತೇಲಿ ಸಾಯುತ್ತದೆ. ಬಾಟಲಿಯಿದ್ದರೆ ನೀರಿನ ಸಮೇತ ಬಾಲ್ದಿಗೆ ಬಗ್ಗಿಸಬಹುದು.

ಬೆಳಗ್ಗೆ 6ರಿಂದ ಏಳೂವರೆಯೊಳಗೆ ನೀರುಚಿಗಟಗಳು ಮೇಲಿರುತ್ತವೆ. ರಾತ್ರಿ ಕಳೆದು ನೀರಲ್ಲಿ ಆಮ್ಲಜನಕ ಕಡಿಮೆಯಾಗಿರುತ್ತದೆ. ದಂಡೆಯ ನೆರಳಲ್ಲಿ ತುಕ್ಕಿನ ಬಣ್ಣದ ಮೋಡದಂತೆ ಕಂಡರೆ ಅದೇ. ಆ ಕೆಂಪು ಕೂಡ ಆಮ್ಲಜನಕದ ಕೊರತೆಗೆ ಅವು ಹೆಚ್ಚಿಸಿಕೊಂಡ ಹಿಮೋಗ್ಲೋಬಿನ್‌ನದ್ದು. ತಳ ಮುಟ್ಟದಂತೆ, ನಿಧಾನವಾಗಿ, 8 ಬರೆದ ಹಾಗೆ ಬಲೆ ಆಡಿಸಬೇಕು. 10 ಲೀಟರಿನ ಬಾಲ್ದಿಯಲ್ಲಿ ಅರ್ಧದವರೆಗೆ ಹೊಂಡದ ನೀರು, ಅದಕ್ಕೆ ಎರಡು ಚಮಚದಷ್ಟೇ ಹುಳ. ಆಸೆಗೆ ಬಿದ್ದು ತುಂಬಿದರೆ ಮನೆ ಮುಟ್ಟುವಾಗ ತಳದಲ್ಲಿ ಬಿಳಿ ಗಸಿ ಮಾತ್ರ ಇರುತ್ತದೆ. ಬಾಲ್ದಿಗೆ ಒದ್ದೆ ಗೋಣಿ ಸುತ್ತಿ ಬಿಸಿಲು ಏರುವ ಮೊದಲು ತರಬೇಕು.

ಕಾಲಿಗೆ ಗಮ್‌ಬೂಟ್ ಇರಲೇಬೇಕು. ಗಾಯವಿದ್ದರೆ ನೀರಿಗಿಳಿಯಬೇಡಿ, ಇಲಿಜ್ವರ ನಮ್ಮಲ್ಲಿ ನಿಜವಾದ ಭಯ. ಮೂಗಿಗೆ ನೀರು ತಾಗಬಾರದು. ಪೈಪಿನ ನೀರನ್ನು ಬಾಯಿಯಿಂದ ಎಳೆಯುವ ಅಭ್ಯಾಸವಂತೂ ಬೇಡವೇ ಬೇಡ.

ಮನೆಯಲ್ಲಿ ಸೋಸುವುದು ಮೂರು ಸಲ. ಸೊಳ್ಳೆಪರದೆಯಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿ, ಗೊದಮೊಟ್ಟೆ, ಕುಡುಗೋಲಿನಂಥ ದವಡೆಯ ನೀರುಜೀರುಂಡೆ ಮರಿ ನಿಲ್ಲುತ್ತವೆ. ಈ ಕೊನೆಯದು ಒಂದೇ ಒಂದು ತೊಟ್ಟಿಗೆ ಬಿದ್ದರೂ ಮರಿಗಳನ್ನು ಹೀರಿ ಮುಗಿಸುತ್ತದೆ. ಎರಡನೆಯದು ಚಹಾ ಜಾಲರಿ, ಅದರಲ್ಲಿ ಕಸ ಮತ್ತು ದೊಡ್ಡ ನುಸಿಹುಳ. ಕೊನೆಗೆ ಸೀರೆಬಟ್ಟೆ, ಅದನ್ನು ನೀರಲ್ಲಿ ಅರ್ಧ ಮುಳುಗಿಸಿಯೇ ಹಿಡಿಯಬೇಕು. ಉಳಿದದ್ದನ್ನು ಬಿಳಿ ಬೇಸಿನ್‌ಗೆ ಹಾಕಿ ಕಾಲು ಗಂಟೆ ಬಿಟ್ಟು ಒಂದು ಮೂಲೆಗೆ ಟಾರ್ಚ್ ಹಿಡಿಯುತ್ತೇನೆ. ಬದುಕಿದ್ದವು ಬೆಳಕಿಗೆ ಸೇರುತ್ತವೆ, ಸತ್ತದ್ದು ತಳಕ್ಕೆ ಇಳಿಯುತ್ತದೆ. ಹೊಂಡದ ನೀರು ತೊಟ್ಟಿಗೆ ಒಂದು ಹನಿಯೂ ಹೋಗಬಾರದು. ತೊಳೆಯಲು ಬಾವಿನೀರು ಸರಿ, ಆದರೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರದಲ್ಲಿ ಅದೇ ನೀರು ಎಲ್ಲವನ್ನೂ ಕೊಲ್ಲುತ್ತದೆ.

ಬಂದದ್ದನ್ನು ಒಂದು ದಿನ ಬೇರೆ ಟಬ್ಬಿನಲ್ಲಿಟ್ಟು, ಗಾಜಿಗೆ ಅಂಟಿ ಮರಿಗಳನ್ನು ಕುಟುಕುವ ಹೈಡ್ರಾ ಎಂಬ ಪುಟ್ಟ ಜೀವಿ ಇದೆಯೇ ನೋಡಿ ಆಮೇಲೆ ಕೊಡುತ್ತೇನೆ. ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ನುಸಿಹುಳಕ್ಕೆ ಈ ಲೆಕ್ಕ ಇನ್ನೂ ಬಿಗಿ, ಯಾಕೆಂದರೆ ಉಳಿದದ್ದು ಹಾರುತ್ತದೆ. ಅಲ್ಪವಿರಾಮದ ಆಕಾರದ ಕೋಶವಾಗಿದ್ದರೆ ಎರಡೇ ದಿನ ಸಾಕು. ಮನೆಯಲ್ಲಿ ನುಸಿ ಸಾಕುವುದನ್ನು ನಾನು ಒಪ್ಪುವುದಿಲ್ಲ, ಡೆಂಗಿ ಇರುವ ಊರಿನಲ್ಲಿ ಅದು ನೆರೆಮನೆಗೆ ಮಾಡುವ ಅನ್ಯಾಯ. ಚರಂಡಿಯ ಟ್ಯೂಬಿಫೆಕ್ಸ್ ಎಂಬ ಕೆಂಪು ಹುಳ ಕೂಡ ಬೇಡ.

ಏಪ್ರಿಲ್‌ನಲ್ಲಿ ಹೊಂಡ ಒಣಗಿದಾಗ ತಳದ ಕೆಸರಿನ ಮೇಲ್ಪದರವನ್ನು ಕೆರೆದು ಕಾಗದದಲ್ಲಿ ಕಟ್ಟಿಡುತ್ತೇನೆ. ಬೇಕಾದಾಗ 20 ಲೀಟರ್ ಕ್ಲೋರಿನ್ ಇಲ್ಲದ ನೀರಿಗೆ ಎರಡು ಮುಷ್ಟಿ ಹಾಕಿ ಜಗಲಿಯ ನೆರಳಲ್ಲಿಟ್ಟರೆ ಒಂದು ವಾರದೊಳಗೆ ಚುಕ್ಕೆಗಳು ಕುಪ್ಪಳಿಸಲು ತೊಡಗುತ್ತವೆ. ಆಗ ಒಂದು ಚಿಟಿಕೆ ಯೀಸ್ಟ್ ಕರಡಿ ಹಾಕಬೇಕು. ಮರುದಿನ ನೀರು ತಿಳಿಯಾಗದಿದ್ದರೆ ಆ ದಿನ ಯೀಸ್ಟ್ ಬೇಡ.