ಮಂಜಿನ ಬೆಳಗನ್ನು ಬೂದಿಬಣ್ಣಕ್ಕೆ ಇಳಿಸದೆ ಸೆರೆಹಿಡಿಯುವುದು ಹೇಗೆ?

ತುಲಾ ಸಂಕ್ರಮಣದ ಆಸುಪಾಸಿನ ಬೆಳಗುಗಳಲ್ಲಿ ಕೊಡಗಿನ ಕಣಿವೆಗಳು ಮಂಜಿನಿಂದ ತುಂಬಿಕೊಳ್ಳುತ್ತವೆ. ಮಡಿಕೇರಿ ಬಳಿಯ ಮಾಂದಲಪಟ್ಟಿ ಬೆಟ್ಟದ ಮೇಲೆ ನಿಂತು ಆ ಬಿಳುಪನ್ನು ಕಣ್ತುಂಬಿಕೊಂಡವರು, ಮನೆಗೆ ಮರಳಿ ನೋಡಿದರೆ ಚಿತ್ರದಲ್ಲಿ ಉಳಿದಿರುವುದು ಬೂದಿಬಣ್ಣದ ಮಸುಕು ಮಾತ್ರವೆಂದು ಕೊರಗುವುದನ್ನು ಹಲವು ವರ್ಷಗಳಿಂದ ಕಂಡಿದ್ದೇನೆ.

ಮೊದಲು ದಿನವನ್ನು ಆರಿಸಿಕೊಳ್ಳಬೇಕು. ಸಂಜೆ ಮಳೆ ಬಿದ್ದು, ರಾತ್ರಿ ಆಕಾಶ ತಿಳಿಯಾಗಿ, ಗಾಳಿ ಅಡಗಿದ್ದರೆ ನೆಲ ಬೇಗ ತಣಿಯುತ್ತದೆ. ತಣಿದ ಗಾಳಿ ಇಳಿಜಾರಿನಗುಂಟ ಜಾರಿ ಕಣಿವೆಯ ತಳದಲ್ಲಿ ಮಂಜಾಗಿ ನಿಲ್ಲುತ್ತದೆ. ಮಡಿಕೇರಿ ಪಟ್ಟಣದ ವೀಕ್ಷಣಾತಾಣವಾದ ರಾಜಾಸೀಟು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸೂರ್ಯೋದಯಕ್ಕೆ ನಾನು ಅದನ್ನು ಸೂಚಿಸುವುದಿಲ್ಲ. ಅಕ್ಟೋಬರ್ ನಡುವೆ ಸೂರ್ಯ ಸುಮಾರು 6.15ಕ್ಕೆ ಮೂಡುವುದರಿಂದ 5.30ಕ್ಕೆ ಟ್ರೈಪಾಡ್ ನಿಂತಿರಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಲೆನ್ಸಿನ ಕಿಂಡಿ ಎಫ್ 8, ಎರಡು ಸೆಕೆಂಡಿನ ಟೈಮರ್, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ): ಇಷ್ಟಾದರೆ ಸಿದ್ಧತೆ ಮುಗಿಯಿತು.

ಬಹುಪಾಲು ಜನ ಎಡವುವುದು ಎಕ್ಸ್‌ಪೋಶರಿನಲ್ಲಿ, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕೆಂಬುದರಲ್ಲಿ. ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ತನ್ನೆದುರಿನ ದೃಶ್ಯವೆಲ್ಲ ನಡುಮಟ್ಟದ ಬೂದಿಬಣ್ಣದ್ದೆಂದೇ ಭಾವಿಸಿ ಬೆಳಕನ್ನು ಕಡಿಮೆ ಮಾಡುತ್ತದೆ. ಹೀಗಾಗಿ ಬಿಳಿ ಮಂಜು ಕೊಳೆಯಾದಂತೆ ಕಾಣುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನನ್ನು (ಮೀಟರಿನ ಅಳತೆಯನ್ನು ತಿದ್ದುವ ಆಯ್ಕೆ) ಪ್ಲಸ್ 1ಕ್ಕೆ ಏರಿಸಿ, ಒಂದು ಚಿತ್ರ ತೆಗೆದು, ಹಿಸ್ಟೋಗ್ರಾಮಿನ (ಎಡಕ್ಕೆ ಕಪ್ಪನ್ನೂ ಬಲಕ್ಕೆ ಬಿಳುಪನ್ನೂ ತೋರಿಸುವ ನಕ್ಷೆ) ಗುಡ್ಡೆ ನಡುವಿನಿಂದ ಬಲಕ್ಕೆ ಸರಿದಿದೆಯೇ, ಆದರೂ ಬಲದ ಅಂಚಿಗೆ ಒತ್ತಿಕೊಳ್ಳದೆ ಉಳಿದಿದೆಯೇ ಎಂದು ನೋಡಬೇಕು. ಸೂರ್ಯ ಚೌಕಟ್ಟಿನೊಳಗೆ ಬಂದಾಗ ಬಿಂಬವನ್ನು ಬಿಟ್ಟು ಅದರ ಪಕ್ಕದ ಮಂಜಿನಿಂದಲೇ ಅಳತೆ ತೆಗೆದುಕೊಳ್ಳಬೇಕು. ಬೆಳಕು ನಿಮಿಷ ನಿಮಿಷಕ್ಕೂ ಬದಲಾಗುವ ಹೊತ್ತಾದ್ದರಿಂದ ಒಮ್ಮೆ ನೋಡಿದ್ದು ಸಾಲದು. ಮೊಬೈಲಿನಲ್ಲಾದರೆ ಮಂಜಿನ ಮೇಲೆ ಬೆರಳನ್ನು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ತುಸು ಏರಿಸಿದರಾಯಿತು.

ವೈಟ್ ಬ್ಯಾಲೆನ್ಸ್ (ಬಣ್ಣಗಳ ಸಮತೋಲನ) ಆಟೋದಲ್ಲಿರುವುದು ಬೇಡ, ಅದು ನಸುಕಿನ ನೀಲಿಯನ್ನೂ ಹೊಂಬಣ್ಣವನ್ನೂ ತೊಳೆದುಹಾಕುತ್ತದೆ, ಡೇಲೈಟಿನಲ್ಲಿಡಿ. ಮಂಜಿಗೆ ಅಂಚಿಲ್ಲದ ಕಾರಣ ಆಟೋಫೋಕಸ್ ತಡಕಾಡುತ್ತದೆ. ಶೋಲಾ ಕಾಡಿನ ಒಂದು ಮರದ ತುದಿಗೆ ಫೋಕಸ್ ಹಿಡಿದು, ಕೂಡಲೇ ಮ್ಯಾನುಯಲ್‌ಗೆ ಬದಲಿಸಿಕೊಳ್ಳಿ. ಲೆನ್ಸಿನ ಮುಂದೆ ಹಾಕಿದ ಅಗ್ಗದ ಯುವಿ ಫಿಲ್ಟರನ್ನು ಬಿಚ್ಚಿಟ್ಟುಬಿಡಿ. ಎದುರು ಬಿಸಿಲಿಗೆ ಅದು ಬೇಡದ ಪ್ರತಿಫಲನಗಳನ್ನು ಮೂಡಿಸುತ್ತದೆ. ಲೆನ್ಸಿನ ಗಾಜಿನ ಮೇಲೆ ರಾಗಿಕಾಳಿಗಿಂತ ಸಣ್ಣ ಹನಿಗಳು ಸದ್ದಿಲ್ಲದೆ ಕೂರುತ್ತವೆ, ಕೆಲವು ಚಿತ್ರಗಳಿಗೊಮ್ಮೆ ಒಣಬಟ್ಟೆಯಿಂದ ಒರೆಸುತ್ತಿರಬೇಕು. ಮನೆಗೆ ಬಂದ ಮೇಲೆ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮಸುಕು ತೆಗೆಯುವ ಡಿಹೇಜ್ ಸ್ಲೈಡರನ್ನು ಎಳೆಯುವವರಿಗೆ ನನ್ನದೊಂದು ಕೋರಿಕೆಯಿದೆ: ಯಾವ ಮಂಜಿಗಾಗಿ ನಸುಕಿನಲ್ಲಿ ಬೆಟ್ಟ ಹತ್ತಿದಿರೋ ಅದನ್ನೇ ಅಳಿಸಬೇಡಿ.

ಸೂರ್ಯ ಮೂಡಿದೊಡನೆ ಜನ ಇಳಿದುಹೋಗುತ್ತಾರೆ. ಆದರೆ ಮಂಜು ಮೇಲೆದ್ದು ಹರಿದು, ಬೆಟ್ಟದ ಸಾಲುಗಳು ಒಂದರ ಹಿಂದೊಂದು ತೆರೆದುಕೊಳ್ಳುವುದು ಆಮೇಲೆಯೇ. ದೂರದ್ದನ್ನು ಹತ್ತಿರ ತರುವ 70–200 ಮಿ.ಮೀ. ಲೆನ್ಸಿಗೆ ಕೆಲಸ ಸಿಗುವುದೂ ಆಗಲೇ. ಆದ್ದರಿಂದ 8 ಗಂಟೆಯವರೆಗೆ ಕಾಯಬೇಕೆಂದು ಬೆಟ್ಟಕ್ಕೆ ಕರೆದೊಯ್ಯುವ ಜೀಪಿನವರೊಡನೆ ಹಿಂದಿನ ದಿನವೇ ಮಾತಾಡಿಕೊಂಡಿರಿ.